ಹೂದೋಟ ಪ್ರಶ್ನೋತ್ತರ: ಬಳ್ಳಿ ಗುಲಾಬಿಯ ಟೊಂಗೆ ಮಲಗಿಸಿ ಕಟ್ಟಿ

ಪ್ರಶ್ನೆ: ಮನೆಯ ಗೋಡೆಗೆ ಹಬ್ಬಿಸಿದ ಬಳ್ಳಿ ಗುಲಾಬಿಗೆ ಈಗ ನಾಲ್ಕು ವರ್ಷ. ಸೂರು ಮುಟ್ಟುವಷ್ಟು ಬೆಳೆದಿದೆ. ಆದರೆ ಹೂವೆಲ್ಲ ನೆತ್ತಿಯಲ್ಲಿ, ಎದೆಮಟ್ಟದವರೆಗೆ ಬರೀ ಬೋಳು ಟೊಂಗೆ. ಗೊಬ್ಬರ ತಪ್ಪದೆ ಹಾಕುತ್ತಿದ್ದೇವೆ. ಏನು ಕೊರತೆ?

ಉತ್ತರ: ಕೊರತೆ ಗೊಬ್ಬರದ್ದಲ್ಲ, ಟೊಂಗೆ ಕಟ್ಟಿರುವ ರೀತಿಯದ್ದು. ಟೊಂಗೆಯ ತುದಿಚಿಗುರು ಆಕ್ಸಿನ್ ಎಂಬ ಹಾರ್ಮೋನು ತಯಾರಿಸಿ ಕೆಳಕ್ಕೆ ಕಳಿಸುತ್ತಲೇ ಇರುತ್ತದೆ. ಟೊಂಗೆ ನೆಟ್ಟಗೆ ನಿಂತಿರುವಷ್ಟು ಕಾಲ ಕೆಳಗಿನ ಕಣ್ಣುಗಳು ಅದರ ಹಿಡಿತದಲ್ಲಿ ಸುಮ್ಮನೆ ಇರುತ್ತವೆ. ಅದೇ ಟೊಂಗೆಯನ್ನು ಅಡ್ಡಕ್ಕೆ ಬಾಗಿಸಿ ಕಟ್ಟಿ ನೋಡಿ: ಹಿಡಿತ ಸಡಿಲವಾಗಿ ಉದ್ದಕ್ಕೂ ಕಣ್ಣೊಡೆಯುತ್ತದೆ. ಮೊದಲು ಎಲೆ ಉದುರಿದ ಗುರುತಿನ ಮೇಲೆ ಕಡಲೆಕಾಳಿನ ಮೂತಿಯಷ್ಟು ಕೆಂಪು ಉಬ್ಬು, ಆಮೇಲೆ ಗೇಣುದ್ದದ ರೆಂಬೆ, ಅದರ ತುದಿಗೆ ಮೊಗ್ಗು. ನೆಟ್ಟಗೆ ನಿಂತ ಟೊಂಗೆ ತುದಿಯಲ್ಲೊಂದು ಗೊಂಚಲು ಕೊಟ್ಟರೆ, ಮಲಗಿದ ಟೊಂಗೆ ಮೈತುಂಬ ಹೂ ಕೊಡುತ್ತದೆ.

ಗಿಡ ವಿಶ್ರಾಂತಿಯಲ್ಲಿರುವಾಗ, ಹೊಸ ಚಿಗುರು ಹೊರಡುವ ಮೊದಲು ಈ ಕೆಲಸ ಮಾಡಿ. ಕಟ್ಟುಗಳನ್ನೆಲ್ಲ ಬಿಚ್ಚಿ, ಟೊಂಗೆಗಳನ್ನು ಗೋಡೆಯಿಂದ ಬಿಡಿಸಿ ಮುಂದಕ್ಕೆ ಹರಡಿ. ಒಣಗಿದ್ದು, ಒಂದಕ್ಕೊಂದು ಉಜ್ಜಿ ಸಿಪ್ಪೆ ಹೋದದ್ದು, ಪೆನ್ಸಿಲಿಗಿಂತ ತೆಳ್ಳಗಿರುವ ಬಡಕಲು ಕಡ್ಡಿ, ಎಲ್ಲ ತೆಗೆಯಿರಿ. ಗಟ್ಟಿಯಾದ ನಾಲ್ಕರಿಂದ ಆರು ಟೊಂಗೆ ಉಳಿಸಿಕೊಂಡು ಬೀಸಣಿಗೆಯಂತೆ ಹರಡಿ ಕಟ್ಟಿ. ಅತ್ತಿತ್ತ ಕೆಳಗಿನವು ಬಹುತೇಕ ಅಡ್ಡವಾಗಿರಲಿ, ಮೇಲಿನವು 45 ಡಿಗ್ರಿಗಿಂತ ಕಡಿದಾಗುವುದು ಬೇಡ. ಬಾಗಿಸುವಾಗ ತುದಿ ಬುಡಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಬಾಗಿದ ಜಾಗದ ನೆತ್ತಿಯಲ್ಲಿರುವ ಕಣ್ಣೊಂದು ಬಿರುಸಾಗಿ ಮೇಲಕ್ಕೆ ಹೊರಟು, ಮಿಕ್ಕ ಕಣ್ಣುಗಳ ಶಕ್ತಿಯನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ.

ಒಂದು ವರ್ಷದ ಹಸಿರು ಟೊಂಗೆ ಸಲೀಸಾಗಿ ಬಾಗುತ್ತದೆ. ಎರಡು ವರ್ಷದ್ದನ್ನು ಒಂದೇ ದಿನ ಎಳೆಯದೆ ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಇಳಿಸಿ. ಕಂದು ತೊಗಟೆ ಕಟ್ಟಿದ ಹಳೆಯ ಟೊಂಗೆ ಬಾಗದು, ಬುಡದಲ್ಲೇ ಸೀಳುತ್ತದೆ. ನಿಮ್ಮ ಗಿಡದಲ್ಲಿ ಅಂಥವೇ ಹೆಚ್ಚಿದ್ದರೆ ಈ ವರ್ಷ ಅತಿ ಹಳೆಯ ಒಂದನ್ನು ಮಾತ್ರ ನೆಲದಿಂದ 30 ಸೆಂ.ಮೀ. ಬಿಟ್ಟು ಕತ್ತರಿಸಿ. ಸಾಮಾನ್ಯವಾಗಿ ಅದರ ಬುಡದಿಂದ ಹೊಸ ಟೊಂಗೆ ಏಳುತ್ತದೆ. ಅದು ಎಳೆಯದಾಗಿರುವಾಗಲೇ ಬಾಗಿಸಿ ಕಟ್ಟಿ. ವರ್ಷಕ್ಕೊಂದರಂತೆ ಮಾಡಿದರೆ ಮೂರು ವರ್ಷದಲ್ಲಿ ಬೋಳುತನ ತುಂಬಿಬರುತ್ತದೆ. ಎಲ್ಲವನ್ನೂ ಒಟ್ಟಿಗೆ ಕತ್ತರಿಸುವ ಆತುರ ಖಂಡಿತ ಬೇಡ.

ಕಟ್ಟಲು ಸೆಣಬಿನ ಹುರಿ ಒಳ್ಳೆಯದು. ಗೋಡೆಗೆ ಬಿಗಿದ ತಂತಿಗೂ ಟೊಂಗೆಗೂ ನಡುವೆ 8ರ ಆಕಾರದ ಸುತ್ತು ಬರಲಿ, ಕಿರುಬೆರಳು ತೂರುವಷ್ಟು ಸಡಿಲವಿರಲಿ. ಟೊಂಗೆಯನ್ನು ತಂತಿಯ ಹಿಂದೆ ತೂರಿಸಬೇಡಿ. ದಪ್ಪವಾದ ಮೇಲೆ ಅದು ಅಲ್ಲಿಂದ ಬರುವುದಿಲ್ಲ, ಮುಂದಿನ ವರ್ಷ ತಂತಿಯನ್ನೇ ಕತ್ತರಿಸಬೇಕಾಗುತ್ತದೆ. ಜಾಗ ಕಿರಿದಾಗಿದ್ದರೆ ಕಂಬ ನೆಟ್ಟು ಟೊಂಗೆಗಳನ್ನು ಅದಕ್ಕೆ ಸುರುಳಿಯಾಗಿ ಸುತ್ತಿ. ಅಲ್ಲೂ ನಡೆಯುವುದು ಇದೇ ಲೆಕ್ಕ.

ಪ್ರಶ್ನೆ: ಬಾಗಿಲ ಕಮಾನಿಗೆ ಒಳ್ಳೆಯ ಪರಿಮಳದ ತಳಿ ಬೇಕು. ಹಿಂದೆ ತಂದ ಗಿಡ ಹೂವೇನೋ ಧಾರಾಳ ಬಿಟ್ಟಿತು, ಪರಿಮಳ ಮಾತ್ರ ಮೂಗು ತಾಗಿಸಿದರಷ್ಟೇ.

ಉತ್ತರ: ಕಂಪು ತಳಿಯ ಗುಣ. ಗೊಬ್ಬರ ಹಾಕಿ ಅದನ್ನು ತರಿಸಲಾಗದು. ಆದ್ದರಿಂದ ಆಯ್ಕೆಯಲ್ಲೇ ಗಟ್ಟಿಯಾಗಿರಿ, ಸಾಧ್ಯವಾದರೆ ಹೂಬಿಟ್ಟ ಗಿಡವನ್ನು ಬೆಳಿಗ್ಗೆ ಮೂಸಿ ನೋಡಿ ತನ್ನಿ. ಜೆರಾನಿಯಾಲ್, ಸಿಟ್ರೊನೆಲ್ಲೊಲ್‌ನಂಥ ಸುಗಂಧದ ಅಂಶಗಳು ಬಿಸಿಲೇರಿದಂತೆ ಹಾರಿಹೋಗುತ್ತವೆ. ನಡುಮಧ್ಯಾಹ್ನ ಮೂಸಿದರೆ ಒಳ್ಳೆಯ ತಳಿಯೂ ಸಪ್ಪೆ ಎನಿಸೀತು. ಅರ್ಧ ಬಿರಿದ ಹೂವಿನಲ್ಲಿ ಕಂಪು ಹೆಚ್ಚು, ಪೂರ್ತಿ ಅರಳಿ ಬಣ್ಣ ಮಾಸಿದ್ದರಲ್ಲಿ ಕಡಿಮೆ.

‘ಗ್ಲುವಾರ್ ದ ದಿಜೋನ್’ 1853ರ ತಳಿ. ಮಾಸಲು ಹಳದಿಗೆ ಏಪ್ರಿಕಾಟ್ ಬಣ್ಣ ಬೆರೆತ ಹೂ, ಟೀ ಗುಲಾಬಿಯ ಕಂಪು. ‘ಮದಾಮ್ ಆಲ್ಫ್ರೆಡ್ ಕ್ಯಾರಿಯೆ’ (1879) ನಸುಗೆಂಪು ಸೋಕಿದ ಬಿಳಿ ಹೂವಿನದು, ಮುಳ್ಳು ಕಡಿಮೆ, ಅರೆನೆರಳನ್ನೂ ತಡೆದುಕೊಳ್ಳುತ್ತದೆ. ನಮ್ಮ ಮೊದಲ ಶಿಫಾರಸು ಇದಕ್ಕೇ. ಆದರೆ ಇದು ಬಹಳ ಬೆಳೆಯುವಂಥದ್ದು, ಕಮಾನು ಗಟ್ಟಿಯಾಗಿರಬೇಕು. ‘ಜೆಫಿರಿನ್ ಡ್ರೂಯಾಂ’ (1868) ಮುಳ್ಳಿಲ್ಲದ್ದು, ಗಾಢ ಗುಲಾಬಿ ಬಣ್ಣ, ತುಂಬು ಕಂಪು. ಮಕ್ಕಳು ಓಡಾಡುವ ಬಾಗಿಲಿಗೆ ಹೇಳಿಮಾಡಿಸಿದಂತಿದ್ದರೂ ಕಪ್ಪು ಚುಕ್ಕೆ, ಬೂದಿ ರೋಗಗಳಿಗೆ ಬೇಗ ತುತ್ತಾಗುತ್ತದೆ. ಗಾಳಿಯಾಡದ ಮೂಲೆಯಲ್ಲಿ ಅದನ್ನು ನೆಡಬೇಡಿ. ಬಿಸಿ ಹವೆಯ ಕಡೆ ‘ಮಾರೆಶಾಲ್ ನೀಲ್’ (1864) ಚೆಂದ. ತೊಟ್ಟು ಬಳುಕುವುದರಿಂದ ಅದರ ಹಳದಿ ಹೂ ತನ್ನ ಭಾರಕ್ಕೇ ತಲೆ ತಗ್ಗಿಸುತ್ತದೆ. ಹೂದಾನಿಗೆ ಅದು ಕುಂದಾದರೂ ಕಮಾನಿನ ಮೇಲಿದ್ದರೆ ಕೆಳಗೆ ನಡೆಯುವವರ ಮುಖಕ್ಕೇ ಹೂ ತಿರುಗಿರುತ್ತದೆ.

ಗಾಳಿ ಬೀಸುವ ಬಯಲಿಗಿಂತ ಗೋಡೆ, ಬೇಲಿಗಳ ಆಸರೆಯಲ್ಲಿ ಕಂಪು ನಿಲ್ಲುತ್ತದೆ ಎಂಬುದನ್ನೂ ನೆನಪಿಡಿ.

ಪ್ರಶ್ನೆ: ಗೋಡೆಗೆ ಎಷ್ಟು ಹತ್ತಿರ ನೆಡಬೇಕು? ಗುಂಡಿಯ ಅಳತೆ ಏನು?

ಉತ್ತರ: ಬುಡ ಗೋಡೆಯಿಂದ 45 ಸೆಂ.ಮೀ. ದೂರವಿರಲಿ. ಗೋಡೆಯ ಪಕ್ಕದ ಮಣ್ಣಿಗೆ ಮಳೆ ನೀರು ತಲುಪುವುದು ಕಡಿಮೆ, ಸುಣ್ಣ ಗಾರೆಯ ಚೂರುಗಳೂ ಸೇರಿರುತ್ತವೆ. ಗುಲಾಬಿಗೆ ಹಿತವಾದ ಮಣ್ಣಿನ ರಸಸಾರ (pH) 6ರಿಂದ 6.5. ಸುಣ್ಣ ಹೆಚ್ಚಾದರೆ ಎಲೆಯ ನರ ಮಾತ್ರ ಹಸಿರಾಗಿ ಉಳಿದು ನಡುವೆ ಹಳದಿಯಾಗುತ್ತದೆ. ದಿನಕ್ಕೆ ಆರು ಗಂಟೆ ಬಿಸಿಲು ಬೇಕು, ಅದರಲ್ಲೂ ಬೆಳಗಿನದು.

ನೆಡುವ ಮೊದಲೇ ತಂತಿ ಬಿಗಿಯಿರಿ: ನೆಲದಿಂದ 45 ಸೆಂ.ಮೀ.ಗೆ ಮೊದಲನೆಯದು, ಆಮೇಲೆ 35–40 ಸೆಂ.ಮೀ.ಗೊಂದು. ತಂತಿಗೂ ಗೋಡೆಗೂ 5ರಿಂದ 8 ಸೆಂ.ಮೀ. ಅಂತರವಿದ್ದರೆ ಎಲೆಯ ಹಿಂದೆ ಗಾಳಿಯಾಡುತ್ತದೆ.

ಗುಂಡಿ ಉದ್ದ, ಅಗಲ, ಆಳ ಎಲ್ಲವೂ 50 ಸೆಂ.ಮೀ. ಇರಲಿ. ತೋಡಿದ ಮೇಲೆ ನೀರು ತುಂಬಿಸಿ ನೋಡಿ. ಮರುದಿನವೂ ನೀರು ನಿಂತಿದ್ದರೆ ಆ ಜಾಗ ಬಿಟ್ಟುಬಿಡಿ, ಇಲ್ಲವೇ ಮಣ್ಣು ಏರಿಸಿ ಎತ್ತರದ ಪಾತಿ ಮಾಡಿ. ಎರಡು ಪಾಲು ಮಣ್ಣಿಗೆ ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸಾಕು. ಹಸಿ ಸಗಣಿ ಬೇರನ್ನು ಸುಡುತ್ತದೆ. ಗಿಡವನ್ನು ಗೋಡೆಯತ್ತ ಓರೆಯಾಗಿ ಇಡಿ. ಹಿಮ ಬೀಳುವ ಕಡೆ ಕಸಿಗಂಟು ಮಣ್ಣಿನಿಂದ 5 ಸೆಂ.ಮೀ. ಕೆಳಗಿರಬೇಕು, ಬೆಚ್ಚನೆಯ ಹವೆಯಲ್ಲಿ 2–3 ಸೆಂ.ಮೀ. ಮೇಲಿರಬೇಕು. ನೆಟ್ಟ ದಿನ 15ರಿಂದ 20 ಲೀಟರ್ ನೀರು ಹಾಕಿ. ಮೊದಲ ವರ್ಷ ಮಳೆಯಿಲ್ಲದ ವಾರಗಳಲ್ಲಿ ಅಷ್ಟೇ ನೀರನ್ನು ನಿಧಾನವಾಗಿ, ಆಳಕ್ಕೆ ಇಳಿಯುವಂತೆ ಕೊಡಿ. ಕಡು ಬೇಸಿಗೆಯಲ್ಲಿ ವಾರಕ್ಕೆರಡು ಸಲ ಬೇಕಾದೀತು.

ಹಳೆಯ ಗುಲಾಬಿ ಕಿತ್ತ ಜಾಗಕ್ಕೇ ಹೊಸದನ್ನು ಹಾಕಬೇಡಿ. ಆ ಮಣ್ಣಿನಲ್ಲಿ ಹೊಸ ಗಿಡ ವರ್ಷಗಟ್ಟಲೆ ಕುಂಟುತ್ತದೆ. ಬೇರೆ ಜಾಗವೇ ಇಲ್ಲವೆಂದರೆ ಗುಂಡಿಯ ಮಣ್ಣನ್ನು ಪೂರ್ತಿ ಬದಲಿಸಿ.

ಪ್ರಶ್ನೆ: ಕಳೆದ ಸಲ ಚೆನ್ನಾಗಿ ಸವರಿದೆವು, ಈ ಸಲ ಒಂದೂ ಹೂವಿಲ್ಲ.

ಉತ್ತರ: ನಿಮ್ಮದು ವರ್ಷಕ್ಕೊಮ್ಮೆ ಮಾತ್ರ ಹೂಬಿಡುವ ರ‍್ಯಾಂಬ್ಲರ್ ಇರಬೇಕು. ಅದು ಹಿಂದಿನ ವರ್ಷ ಬೆಳೆದ ಟೊಂಗೆಯಲ್ಲಿ ಹೂ ಬಿಡುತ್ತದೆ, ನೀವು ಕತ್ತರಿಸಿದ್ದು ಅದನ್ನೇ. ಇಂಥದ್ದನ್ನು ಹೂ ಮುಗಿದ ಕೂಡಲೇ ಸವರಬೇಕು. ಮತ್ತೆ ಮತ್ತೆ ಹೂಬಿಡುವ ತಳಿಯಾದರೆ ಮುಖ್ಯ ಟೊಂಗೆ ಮುಟ್ಟದೆ, ಹೂಬಿಟ್ಟ ಪಕ್ಕರೆಂಬೆಗಳನ್ನು ಮಾತ್ರ ಎರಡು-ಮೂರು ಕಣ್ಣು ಉಳಿಸಿ ಕತ್ತರಿಸಿ. ಹೆಸರಿನ ಮುಂದೆ ‘ಕ್ಲೈಂಬಿಂಗ್’ ಎಂದಿರುವ, ಪೊದೆ ಗುಲಾಬಿಯಿಂದ ಹುಟ್ಟಿದ ಬಳ್ಳಿಗಳನ್ನಂತೂ ಮೊದಲ ಎರಡು ವರ್ಷ ಸವರಲೇಬೇಡಿ. ಅವು ಮತ್ತೆ ಪೊದೆಯಾಗಿಬಿಡುವುದುಂಟು.

ಪ್ರಶ್ನೆ: ಎಲೆಯಲ್ಲಿ ಕಪ್ಪು ಚುಕ್ಕೆ, ಚಿಗುರಿನಲ್ಲಿ ಬಿಳಿ ಬೂದಿ. ಎರಡಕ್ಕೂ ಒಂದೇ ಔಷಧಿ ಸಾಕೇ?

ಉತ್ತರ: ಕಾರಣಗಳು ಬೇರೆಬೇರೆ. ಕಪ್ಪು ಚುಕ್ಕೆಯ ಶಿಲೀಂಧ್ರ ಮೊಳೆಯಲು ಎಲೆ ಸುಮಾರು ಏಳು ಗಂಟೆ ಒದ್ದೆಯಾಗಿರಬೇಕು. ಸಂಜೆ ಎಲೆಯ ಮೇಲೆ ನೀರು ಚಿಮುಕಿಸುವುದೆಂದರೆ ರೋಗಕ್ಕೆ ರಾತ್ರಿಯಿಡೀ ಅನುಕೂಲ ಮಾಡಿಕೊಟ್ಟಂತೆ. ಬೆಳಿಗ್ಗೆ ಬುಡಕ್ಕೇ ನೀರು ಹಾಕಿ, ಉದುರಿದ ಎಲೆಗಳನ್ನು ಆಯ್ದು ಸುಟ್ಟುಬಿಡಿ. ಬೂದಿ ರೋಗಕ್ಕೆ ಎಲೆ ಒದ್ದೆಯಾಗಬೇಕಿಲ್ಲ. ಬೇರು ಒಣಗಿ, ಸುತ್ತಲಿನ ಗಾಳಿ ತೇವದಿಂದ ಕೂಡಿ ನಿಂತಲ್ಲೇ ನಿಂತಿದ್ದರೆ ಅದು ಬರುತ್ತದೆ. ಗೋಡೆ ಪಕ್ಕದ ಗಿಡಗಳಲ್ಲಿ ಅದು ಹೆಚ್ಚಾಗುವುದು ಇದಕ್ಕೇ. ಬುಡಕ್ಕೆ ಆಳವಾಗಿ ನೀರು, 5–8 ಸೆಂ.ಮೀ. ಒಣ ಎಲೆಯ ಹೊದಿಕೆ (ಕಾಂಡಕ್ಕೆ ತಾಗದಂತೆ), ಒತ್ತಾದ ರೆಂಬೆಗಳ ತೆರವು, ಇಷ್ಟರಿಂದಲೇ ಬಹಳಷ್ಟು ಇಳಿಯುತ್ತದೆ. ಉಳಿದದ್ದಕ್ಕೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 2 ಗ್ರಾಂ ಸಿಂಪಡಿಸಿ. 30 ಡಿಗ್ರಿ ಮೀರಿದ ಬಿಸಿಲಲ್ಲಿ ಬೇಡ, ಬೇವಿನ ಎಣ್ಣೆ ಹೊಡೆದ ಎರಡು ವಾರದೊಳಗೂ ಬೇಡ. ಎರಡರಲ್ಲೂ ಎಲೆ ಸುಡುತ್ತದೆ. ಯೂರಿಯಾ ಹಾಕುತ್ತಿದ್ದರೆ ನಿಲ್ಲಿಸಿ. ಸಾರಜನಕ ಹೆಚ್ಚಾಗಿ ಬಂದ ಮೆತ್ತನೆಯ ಚಿಗುರನ್ನೇ ಬೂದಿ ಮೊದಲು ಹಿಡಿಯುವುದು.

ಪ್ರಶ್ನೆ: ಗುಲಾಬಿಯ ಬುಡದಲ್ಲಿ ಏನೇನು ನೆಡಬಹುದು?

ಉತ್ತರ: ಮೊದಲ ಎರಡು ವರ್ಷ ಬುಡದ ಸುತ್ತ 45 ಸೆಂ.ಮೀ. ಏನೂ ಬೇಡ. ಆಮೇಲೆ ಆಚೆ ಅಂಚಿನಲ್ಲಿ ಕ್ಯಾಟ್‌ಮಿಂಟ್, ಲ್ಯಾವೆಂಡರ್ ಹಾಕಿದರೆ ಬೋಳು ಬುಡ ಮರೆಯಾಗುತ್ತದೆ. ಫಾಕ್ಸ್‌ಗ್ಲೋವ್ ಎತ್ತರಕ್ಕೆ ಒಪ್ಪುತ್ತದೆ, ಆದರೆ ಅದರ ಎಲೆ, ಹೂ, ಬೀಜ ಎಲ್ಲವೂ ವಿಷ. ಜೊತೆಗೆ ಹಬ್ಬಿಸಲು ವಿಟಿಸೆಲ್ಲಾ ಗುಂಪಿನ ಕ್ಲೆಮಾಟಿಸ್ ಒಳ್ಳೆಯದು. ಅದನ್ನು ವರ್ಷಕ್ಕೊಮ್ಮೆ ನೆಲದಿಂದ 30 ಸೆಂ.ಮೀ.ಗೆ ಕತ್ತರಿಸಿಬಿಡುವುದರಿಂದ ಗುಲಾಬಿ ಟೊಂಗೆ ಬಿಚ್ಚಿ ಕಟ್ಟಲು ತೊಡಕಾಗುವುದಿಲ್ಲ.

ಪ್ರಶ್ನೆ: ಬುಡದಿಂದ ಬೇರೆ ಬಗೆಯ ಎಲೆಯ ಚಿಗುರು ಭರದಿಂದ ಬರುತ್ತಿದೆ. ಇಟ್ಟುಕೊಳ್ಳಬಹುದೇ?

ಉತ್ತರ: ಮಣ್ಣು ಸರಿಸಿ ಅದು ಎಲ್ಲಿಂದ ಹೊರಟಿದೆ ನೋಡಿ. ಎಲೆಯಲ್ಲಿ ಏಳು ಗರಿ ಇದ್ದರೆ ಕಾಡು ಚಿಗುರು ಎಂಬ ಮಾತನ್ನು ನಂಬಿ ಕೀಳಬೇಡಿ, ಎಷ್ಟೋ ಒಳ್ಳೆಯ ಬಳ್ಳಿ ಗುಲಾಬಿಗಳಿಗೂ ಏಳು ಗರಿಯಿರುತ್ತದೆ. ಕಸಿಗಂಟಿನ ಮೇಲಿನಿಂದ ಹೊರಟಿದ್ದರೆ ನಿಮ್ಮ ಗಿಡದ್ದೇ, ಬಾಗಿಸಿ ಕಟ್ಟಿಕೊಳ್ಳಿ. ಗಂಟಿನ ಕೆಳಗಿನಿಂದಾದರೆ ಬೇರುಸಸಿಯದು, ಅಂದರೆ ಕಸಿ ಕಟ್ಟಲು ಬಳಸಿದ ಕೆಳಗಿನ ಗಿಡದ್ದು. ಕೈಗವಸು ಹಾಕಿ ಬುಡದಲ್ಲಿ ಹಿಡಿದು ಕೆಳಮುಖವಾಗಿ ಜಗ್ಗಿ, ಅದು ಹೊರಟ ಜಾಗದ ಸಿಪ್ಪೆ ಸಮೇತ ಕಿತ್ತುಬಿಡಿ. ಕತ್ತರಿಯಿಂದ ಕತ್ತರಿಸಿದರೆ ಉಳಿದ ಮೋಟಿನಿಂದ ಒಂದರ ಜಾಗದಲ್ಲಿ ಮೂರು ಬರುತ್ತವೆ.