ಮಾಸ್ತರ್‌ಗೆ ಪತ್ರ: ಗೆಲ್ಲೋ ಆಟಗಾರನನ್ನೇ ಯಾಕೆ ಕಳಿಸಿಬಿಡುತ್ತಾರೆ?

ಪ್ರಶ್ನೆ: ಸರ್, ನನ್ನ ತಮ್ಮನ ಮಗ ಅಮೆರಿಕದಲ್ಲಿದ್ದಾನೆ. ಊರಿಗೆ ಬಂದಾಗಲೆಲ್ಲ ಅಲ್ಲಿನ ಫುಟ್‌ಬಾಲ್ ಸುದ್ದಿಯೇ. ಗ್ರೀನ್ ಬೇ ಪ್ಯಾಕರ್ಸ್ ಅನ್ನೋ ತಂಡ ತನ್ನ ಹಳೇ ಕ್ವಾರ್ಟರ್‌ಬ್ಯಾಕನ್ನು ಬೇರೆ ತಂಡಕ್ಕೆ ಕೊಟ್ಟು ಹುಡುಗನನ್ನು ನಿಲ್ಲಿಸಿತಂತೆ. ಅದೂ ಎರಡು ಸಲ. ಹೆಸರು ಮಾಡಿದವರನ್ನು ಹೀಗೆ ಕಳಿಸೋದು ಯಾವ ನ್ಯಾಯ? (ಓದುಗರು, ಆಳಂದ)

ಉತ್ತರ: ನನ್ನ ಮಗನೂ ಆ ಕಡೆಯವನೇ, ಮಿಲ್ವಾಕಿಯಲ್ಲಿದ್ದಾನೆ. 2023ರಲ್ಲಿ ಕೆಲವು ತಿಂಗಳು ಅವನ ಸೋಫಾದ ಮೇಲೆ ಕೂತು, ಕಲಬುರಗಿಯಿಂದ ಒಯ್ದ ಕಟಕ ರೊಟ್ಟಿ, ಶೇಂಗಾ ಹಿಂಡಿ ತಿನ್ನುತ್ತಾ ಈ ಆಟ ನೋಡಿದೆ. ಮೊದಮೊದಲು ತಲೆಬುಡ ತಿಳಿಯಲಿಲ್ಲ. ಐದಾರು ಸೆಕೆಂಡ್ ಓಟ, ಆಮೇಲೆ ಅರ್ಧ ನಿಮಿಷ ಪಂಚಾಯ್ತಿ. ಇದೂ ಒಂದು ಆಟವಾ ಅಂದಿದ್ದೆ, ಸೊಸೆ ನಕ್ಕಳು.

ವಾಲಿಬಾಲ್ ಗೊತ್ತಲ್ವಾ ನಿಮಗೆ? ಅದರಲ್ಲಿ ಹೊಡೆಯುವವನಿಗೆ ಚೆಂಡು ಎತ್ತಿಕೊಡುವ ಸೆಟ್ಟರ್ ಹೇಗೋ ಇದರಲ್ಲಿ ಕ್ವಾರ್ಟರ್‌ಬ್ಯಾಕ್ ಹಾಗೆ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು. ಹೆಚ್ಚುಕಡಿಮೆ ಪ್ರತಿ ಪ್ರಯತ್ನದಲ್ಲೂ ಚೆಂಡು ಮೊದಲು ಇವನ ಕೈಗೇ ಬರುತ್ತದೆ. ಯಾರಿಗೆ ಎಸೆಯಬೇಕು, ಯಾರಿಗೆ ಕೊಡಬೇಕು, ಎಲ್ಲಾ ಇವನದೇ ಲೆಕ್ಕ. ಕೋಚ್ ಹೇಳಿದ್ದು ಇವನ ಹೆಲ್ಮೆಟ್ಟಿನೊಳಗಿನ ರೇಡಿಯೋದಲ್ಲಿ ಕೇಳಿಸುತ್ತದೆ. ಅದನ್ನು ಉಳಿದ ಹತ್ತು ಜನಕ್ಕೆ ದಾಟಿಸುವವನೂ ಇವನೇ. ಇಂಥವನನ್ನು ಬದಲಿಸೋದು ಮನೆಯ ಸೊಡರು ಬದಲಿಸಿದಂತೆ ಅಲ್ಲ, ಕಂಬವನ್ನೇ ಬದಲಿಸಿದಂತೆ.

ಗ್ರೀನ್ ಬೇಯಲ್ಲಿ ಬ್ರೆಟ್ ಫಾವ್ರ್ ಅಂತ ಒಬ್ಬ ಇದ್ದ. 1992ರಿಂದ ಒಂದು ಪಂದ್ಯವೂ ತಪ್ಪಿಸದೆ ಆಡಿದವನು. ಕೊನೆಗೆ ಬೇರೆ ತಂಡಗಳದ್ದೂ ಸೇರಿ ಸತತ 297 ಪಂದ್ಯ! ತಂಡ 2005ರಲ್ಲೇ ಆರನ್ ರಾಜರ್ಸ್ ಅನ್ನೋ ಕಾಲೇಜು ಹುಡುಗನನ್ನು ಆರಿಸಿ ತಂದು ಬೆಂಚಿನ ಮೇಲೆ ಕೂರಿಸಿತು. ಅವನು ಮೂರು ವರ್ಷ ಕೂತ. 2007ರ ಸೀಸನ್‌ನಲ್ಲಿ 38ರ ಫಾವ್ರ್ ತಂಡವನ್ನು ಸೂಪರ್ ಬೌಲ್‌ಗೆ, ಅಂದರೆ ಲೀಗಿನ ಫೈನಲ್‌ಗೆ, ಒಂದೇ ಮೆಟ್ಟಿಲು ಕೆಳಗೆ ತಂದು ಸೋತ. 2008ರ ಮಾರ್ಚ್‌ನಲ್ಲಿ ಅಳುತ್ತಾ ನಿವೃತ್ತಿ ಅಂದ, ಜುಲೈ ಹೊತ್ತಿಗೆ ಮತ್ತೆ ಆಡ್ತೀನಿ ಅಂದ. ತಂಡ ಒಪ್ಪಲಿಲ್ಲ. ಆಗಸ್ಟ್‌ನಲ್ಲಿ ನ್ಯೂಯಾರ್ಕ್ ಜೆಟ್ಸ್‌ಗೆ ಕೊಟ್ಟುಬಿಟ್ಟಿತು.

ಮೊದಲ ವರ್ಷ ರಾಜರ್ಸ್ ತಂಡ 6 ಗೆದ್ದು 10 ಸೋತಿತು. ಮರುವರ್ಷ ಫಾವ್ರ್ ಎದುರಾಳಿ ಮಿನ್ನೆಸೋಟ ವೈಕಿಂಗ್ಸ್ ಸೇರಿ ಹಳೇ ತಂಡವನ್ನು ಎರಡು ಸಲ ಹೊಡೆದ. ಆಗ ಗ್ರೀನ್ ಬೇ ಮಂದಿ ಮ್ಯಾನೇಜರನ್ನು ಏನೇನು ಬೈದಿರಬೇಕು, ನೀವೇ ಊಹಿಸಿ. 2011ರ ಫೆಬ್ರವರಿಯಲ್ಲಿ ರಾಜರ್ಸ್ ಸೂಪರ್ ಬೌಲ್ ಗೆದ್ದು ಕೊಟ್ಟ, 31-25. ಬಾಯಿಗಳು ಮುಚ್ಚಿದವು.

ನೀವು ಕೇಳಿದ ನ್ಯಾಯದ ಮಾತಿಗೆ ಬರ್ತೀನಿ. ಅಲ್ಲಿ ಪ್ರತಿ ತಂಡಕ್ಕೂ ಸಂಬಳಕ್ಕೆ ಇಷ್ಟೇ ಅಂತ ಒಂದು ಮಿತಿ ಇದೆ. ಹೆಸರುವಾಸಿ ಕ್ವಾರ್ಟರ್‌ಬ್ಯಾಕ್ ಒಬ್ಬನೇ ಅದರಲ್ಲಿ ದೊಡ್ಡ ಪಾಲು ತಗೊಂಡರೆ ಉಳಿದವರಿಗೆ ಕೈ ಬಿಗಿ. ಹೊಸ ಹುಡುಗನಿಗೆ ಮೊದಲ ನಾಲ್ಕು ವರ್ಷ ಎಷ್ಟು ಕೊಡಬೇಕು ಅನ್ನೋದು ಕಾಲೇಜು ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸುವಾಗ ಅವನು ಎಷ್ಟನೆಯವನು ಅಂತ ನೋಡಿ ಮೊದಲೇ ಗೊತ್ತಾಗಿರುತ್ತದೆ, ಅದು ಕಡಿಮೆಯೇ. ಹಾಗಾಗಿ ಮುದುಕ ಬೀಳುವ ತನಕ ಕಾಯೋದಿಲ್ಲ. ಬೀಳುವ ಮೊದಲೇ ಹುಡುಗನನ್ನು ಪಕ್ಕದಲ್ಲಿ ಕೂರಿಸುತ್ತಾರೆ. ಇದನ್ನು ನಾನು ತಪ್ಪು ಅನ್ನಲಾರೆ.

ಆದರೆ ಮಾಡುವ ರೀತಿ ಇದೆಯಲ್ಲ, ಅದರಲ್ಲಿ ನನಗೆ ತಕರಾರಿದೆ. 2020ರಲ್ಲಿ ಅದೇ ತಂಡ ಜೋರ್ಡನ್ ಲವ್ ಅನ್ನೋ ಹುಡುಗನನ್ನು ಆರಿಸಿತು. ರಾಜರ್ಸ್‌ಗೆ ಆಗ 36. ತನ್ನ ಜಾಗಕ್ಕೆ ಹುಡುಗ ಬರ್ತಾನೆ ಅಂತ ಅವನಿಗೆ ಯಾರೂ ಮುಂಚೆ ಒಂದು ಮಾತು ಹೇಳಿರಲಿಲ್ಲ. ಆ ಸಿಟ್ಟಿಗೋ ಏನೋ, ಅದೇ ವರ್ಷ ಮತ್ತು ಮರುವರ್ಷ ಇಡೀ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಹೊಡೆದ! 2023ರ ಏಪ್ರಿಲ್‌ನಲ್ಲಿ ಅವನನ್ನೂ ಜೆಟ್ಸ್‌ಗೇ ಕಳಿಸಿದರು. ಆ ಸೆಪ್ಟೆಂಬರ್‌ನಲ್ಲಿ ಜೆಟ್ಸ್ ಪರ ಅವನ ಮೊದಲ ಪಂದ್ಯ ನಾವು ಟೀವಿಯಲ್ಲಿ ನೋಡುತ್ತಿದ್ದೆವು. ತಂಡದ ನಾಲ್ಕನೇ ಪ್ರಯತ್ನಕ್ಕೇ ಹಿಮ್ಮಡಿಯ ಸ್ನಾಯುರಜ್ಜು ಹರಿದು ಕೂತುಬಿಟ್ಟ. ನನ್ನ ಮಗ ರಿಮೋಟ್ ಕೆಳಗಿಟ್ಟು ಅಡುಗೆಮನೆಗೆ ಹೋದ. ನೀರು ಕುಡಿಯೋಕೆ ಅಂದ. ಬಹಳ ಹೊತ್ತು ಬರಲಿಲ್ಲ.

ಪ್ರಶ್ನೆ: ಗುರುಗಳೇ, ನಮ್ಮ ವಾಲಿಬಾಲ್ ತಂಡದ ಸೆಟ್ಟರ್‌ಗೆ 38 ವರ್ಷ. ನಮಗೆಲ್ಲ ಆಟ ಕಲಿಸಿದ ಅಣ್ಣ. ಈಗ 19ರ ಹುಡುಗನೊಬ್ಬ ಅವರಿಗಿಂತ ಚುರುಕಾಗಿದ್ದಾನೆ. ತಂಡ ನೋಡಿಕೊಳ್ಳುವವನು ನಾನು. ಅಣ್ಣನಿಗೆ ಹೇಗೆ ಹೇಳಲಿ? (ಹೆಸರು ಬೇಡ, ಹುಮನಾಬಾದ್)

ಉತ್ತರ: ಇದಕ್ಕೆ ಅಮೆರಿಕಕ್ಕೆ ಹೋಗಬೇಕಿಲ್ಲ. ನಾನೂ ಸೆಟ್ಟರ್ ಆಗಿದ್ದವನು. ಆಗ ಕಲಬುರಗಿ ಇನ್ನೂ ಗುಲ್ಬರ್ಗಾ. ನಮ್ಮದೊಂದು ನೌಕರರ ತಂಡ, ಯಾವುದು ಅಂತ ಬೇಡ. ಒಂದು ಬೆಳಿಗ್ಗೆ ನೋಟಿಸ್ ಬೋರ್ಡ್ ನೋಡಿದರೆ ಟೂರ್ನಿಗೆ ಹೋಗುವವರ ಪಟ್ಟಿಯಲ್ಲಿ ನನ್ನ ಹೆಸರಿಲ್ಲ. ನನಗೂ ಆಗ 36. ಹನ್ನೊಂದು ವರ್ಷ ಆಡಿದ್ದೆ. ಗುಮಾಸ್ತ ಒಬ್ಬ ಹಿಂದಿನಿಂದ "ಮಾಸ್ತರೇ, ಟೈಪಿಂಗ್ ತಪ್ಪಿರಬೇಕು ಬಿಡ್ರಿ" ಅಂದ. ತಪ್ಪಾಗಿರಲಿಲ್ಲ.

ಆ ಹೊಸ ಹುಡುಗನ ಜೊತೆ ಒಂದು ಇಡೀ ಸೀಸನ್ ಮಾತಾಡಲಿಲ್ಲ ನಾನು. ಅವನದೇನು ತಪ್ಪಿತ್ತು? ಏನೂ ಇಲ್ಲ. ಒಂದು ಸಂಜೆ ಅವನೇ ಬಂದು, "ಸರ್, ತಿರುಗಿ ನೋಡದೆ ಬೆನ್ನ ಹಿಂದಕ್ಕೆ ಬಾಲ್ ಎತ್ತೋದು ನನಗೆ ಬರ್ತಿಲ್ಲ" ಅಂದ. ಬೀದಿ ದೀಪದ ಬೆಳಕಲ್ಲಿ ಒಂದೂವರೆ ತಾಸು ಎತ್ತಿಸಿದೆ. ಸೊಂಟ ಎಲ್ಲಿರಬೇಕು, ಮಣಿಕಟ್ಟು ಯಾವಾಗ ಬಿಡಬೇಕು, ಎಲ್ಲಾ. ಸಿಟ್ಟು ಎಲ್ಲಿ ಹೋಯಿತೋ ಗೊತ್ತಿಲ್ಲ.

ಆ ಅಮೆರಿಕದ ಫುಟ್‌ಬಾಲ್‌ನಲ್ಲೂ ಕ್ಯಾನ್ಸಸ್ ಸಿಟಿ ತಂಡದಲ್ಲಿ 2017ರಲ್ಲಿ ಇಂಥದ್ದೇ ಒಂದು ನಡೆಯಿತು. ಅಲೆಕ್ಸ್ ಸ್ಮಿತ್ ಹಳೇ ಕ್ವಾರ್ಟರ್‌ಬ್ಯಾಕ್, ಪ್ಯಾಟ್ರಿಕ್ ಮಹೋಮ್ಸ್ ಹೊಸ ಹುಡುಗ. ತನ್ನ ಜಾಗಕ್ಕೇ ಬಂದವನು ಅಂತ ಸ್ಮಿತ್‌ಗೆ ಗೊತ್ತು. ಆದರೂ ಪಂದ್ಯಕ್ಕೆ ತಾನು ಹೇಗೆ ತಯಾರಾಗುತ್ತೇನೆ ಅನ್ನೋದನ್ನು ಬಚ್ಚಿಡದೆ ತೋರಿಸಿದ. ತಾನೂ ಆ ವರ್ಷ ಭಾರಿ ಚೆನ್ನಾಗಿ ಆಡಿದ. ಮುಂದಿನ ವರ್ಷ ಅವನನ್ನು ವಾಷಿಂಗ್ಟನ್‌ಗೆ ಕಳಿಸಿದರು. ಮಹೋಮ್ಸ್ ಪೂರ್ತಿ ಆಡಿದ ಮೊದಲ ಸೀಸನ್‌ನಲ್ಲೇ ಲೀಗಿನ ಅತ್ಯುತ್ತಮ ಆಟಗಾರನಾದ. ಸ್ಮಿತ್ ಉಪಕಾರವನ್ನು ಅವನು ಇವತ್ತಿಗೂ ನೆನೆಯುತ್ತಾನೆ.

ಹಾಗಾಗಿ, ತಮ್ಮಾ, ವಾಟ್ಸಾಪ್ ಗುಂಪಿನಲ್ಲಿ ಪಟ್ಟಿ ಹಾಕಬೇಡ. ಮೊದಲು ಅಣ್ಣನ ಮನೆಗೆ ಹೋಗು, ಒಬ್ಬನೇ ಹೋಗು. ಜೊತೆಗೆ ನಾಲ್ಕು ಜನ ಹೋದರೆ ಅದು ಪಂಚಾಯ್ತಿ ಆಗುತ್ತದೆ. "ಈ ಸೀಸನ್ ನೀವು ಆಡಿ, ಮೂರನೇ ಸೆಟ್ ಹುಡುಗನಿಗೆ ಬಿಡಿ, ಮುಂದಿನ ವರ್ಷ ಅವನು" ಅಂತ ನೇರ ಹೇಳು. ಸುಮ್ನೆ "ನೀವೇ ಕೋಚ್ ಆಗಿರಿ" ಅಂತ ಬೆಣ್ಣೆ ಹಚ್ಚಬೇಡ, ಆ ಕೆಲಸ ನಿಜವಾಗಿ ಕೊಡುವುದಿದ್ದರೆ ಮಾತ್ರ ಹೇಳು. ಅಣ್ಣ ಬೈಯಬಹುದು. ಬೈಸಿಕೋ. ಆಮೇಲೆ ಆ ಹುಡುಗನಿಗೆ ಹೇಳು, ಏನಾದರೊಂದು ಬರುವುದಿಲ್ಲ ಅಂತ ಅಣ್ಣನ ಹತ್ತಿರ ಹೋಗಿ ಕೇಳು ಅಂತ. 19ರ ಹುಡುಗನಿಗೆ ಬಾರದ್ದು ಒಂದಾದರೂ ಇದ್ದೇ ಇರುತ್ತದೆ.

ಪ್ರಶ್ನೆ: ನಿಮ್ಮ ಉತ್ತರಗಳಲ್ಲಿ ಆಗಾಗ ಪ್ಯಾಕರ್ಸ್ ಹೆಸರು ಬರುತ್ತದೆ. ಈಗ ನೀವು ಯಾರ ಕಡೆ, ರಾಜರ್ಸೋ ಲವ್ವೋ? (ವಿದ್ಯಾರ್ಥಿನಿ, ಯಾದಗಿರಿ)

ಉತ್ತರ: ಲವ್ ಕಡೆ. ಮೂರು ವರ್ಷ ಬೆಂಚಿನ ಮೇಲೆ ಕೂತು, ಪೂರ್ತಿ ಆಡಿದ ಮೊದಲ ಸೀಸನ್‌ನಲ್ಲೇ ಪ್ಲೇಆಫ್ ಅನ್ನೋ ಕೊನೆಯ ನಾಕೌಟ್ ಸುತ್ತುಗಳಲ್ಲಿ ಡಲ್ಲಾಸ್ ತಂಡವನ್ನು ಅವರ ಮೈದಾನದಲ್ಲೇ 48-32ರಿಂದ ಮಣಿಸಿದ ಹುಡುಗ. ಮೊಮ್ಮಗನಿಗೆ ಅವನ 10ನೇ ನಂಬರಿನ ಅಂಗಿ ನಾನೇ ಕೊಡಿಸಿದೆ. ಮಗ ಮಾತ್ರ ಪಂದ್ಯದ ದಿನ ಈಗಲೂ ರಾಜರ್ಸ್‌ನ 12ನೇ ನಂಬರನ್ನೇ ಹಾಕಿಕೊಳ್ಳುತ್ತಾನೆ. ಕಾಲರ್ ಹರಿದಿದೆ. ಸೊಸೆ ಎರಡು ಸಲ ಹೊಲಿದು ಕೊಟ್ಟಿದ್ದಾಳೆ.