ದುಬೈನ ಗಗನಚುಂಬಿಗಳನ್ನು ಬಿಟ್ಟರೆ ಯುಎಇಯಲ್ಲಿ ನೋಡುವಂಥದ್ದು ಏನಿದೆ?

ಬೇಕಾದಷ್ಟಿದೆ, ಮಾಲ್‌ನಿಂದ ಹೊರಗೆ ಕಾಲಿಡಬೇಕು ಅಷ್ಟೆ. ನನ್ನನ್ನು ಕೇಳಿದರೆ ಮೊದಲು ಅಲ್ ಐನ್. ದುಬೈಯಿಂದ ಬಸ್ಸಿನಲ್ಲಿ ಸುಮಾರು ಎರಡು ಗಂಟೆಯ ದಾರಿ. ಊರಿನ ನಡುವೆಯೇ ಲಕ್ಷಕ್ಕೂ ಮೀರಿದ ಖರ್ಜೂರದ ಮರಗಳ ತೋಟ. ಅದಕ್ಕೆ ನೀರುಣಿಸುವುದು ‘ಫಲಜ್’: ಬೆಟ್ಟದ ಬುಡದ ಅಂತರ್ಜಲವನ್ನು ಪಂಪಿನ ಹಂಗಿಲ್ಲದೆ, ಬರೀ ಇಳಿಜಾರನ್ನು ನಂಬಿ, ನೆಲದಡಿಯ ಸುರಂಗದಲ್ಲಿ ಹರಿಸಿ ತರುವ ಕಾಲುವೆ. ತೋಟದೊಳಗೆ ಅದು ಕಿರುಗಾಲುವೆಗಳಾಗಿ ಕವಲೊಡೆಯುತ್ತದೆ. ಯಾರ ಪಾಲಿಗೆ ಎಷ್ಟು ಹೊತ್ತು ನೀರು ಎಂಬುದಕ್ಕೆ ಸರದಿ ಉಂಟು. ಈ ಪ್ರದೇಶದ ಅತಿ ಹಳೆಯ ಫಲಜ್‌ಗಳು ಕಬ್ಬಿಣ ಯುಗದವು. ಹತ್ತಿರದ ಹಫೀತ್ ಬೆಟ್ಟದ ಬುಡದಲ್ಲಿ 5,000 ವರ್ಷಗಳಷ್ಟು ಹಳೆಯ ಕಲ್ಲಿನ ಗೋರಿಗಳಿವೆ. ಇವೆಲ್ಲ 2011ರಿಂದ ಯುನೆಸ್ಕೊ ಪಟ್ಟಿಯಲ್ಲಿವೆ.

ತೈಲಕ್ಕೆ ಮುಂಚಿನ ಬದುಕು ಹೇಗಿತ್ತೆಂದು ತಿಳಿಯಲು ಯುಎಇಯ ಏಳು ಎಮಿರೇಟ್‌ಗಳಲ್ಲಿ ಒಂದಾದ ರಾಸ್ ಅಲ್ ಖೈಮಾದ ಜಝೀರತ್ ಅಲ್ ಹಮ್ರಾಕ್ಕೆ ಹೋಗಿ. ಹವಳದ ಕಲ್ಲಿನಲ್ಲಿ ಕಟ್ಟಿದ, ಜನ ಬಿಟ್ಟುಹೋದ ಮುತ್ತುಗಾರರ ಊರು ಅದು. 1930ರ ದಶಕದಲ್ಲಿ ಆರ್ಥಿಕ ಕುಸಿತ ಮತ್ತು ಜಪಾನಿನವರು ಚಿಪ್ಪುಗಳನ್ನು ಸಾಕಿ ಬೆಳೆದ ‘ಕೃಷಿ ಮುತ್ತು’ ಸೇರಿ ಈ ಕರಾವಳಿಯ ಮುತ್ತಿನ ವ್ಯಾಪಾರವನ್ನೇ ಮುಗಿಸಿದವು. ಅಂದಹಾಗೆ, 1966ರವರೆಗೂ ಇಲ್ಲಿ ಓಡುತ್ತಿದ್ದದ್ದು ನಮ್ಮ ರಿಸರ್ವ್ ಬ್ಯಾಂಕ್ ಅಚ್ಚು ಹಾಕಿದ ‘ಗಲ್ಫ್ ರೂಪಾಯಿ’!

ದುಬೈ ಬಿಟ್ಟು ಕದಲಲಾಗದಿದ್ದರೆ ಸಂಜೆ ಅಬ್ರಾ ದೋಣಿಯಲ್ಲಿ ಖಾರಿಯನ್ನು (ಊರೊಳಗೆ ಚಾಚಿದ ಕಡಲ ಕವಲು, ‘ಕ್ರೀಕ್’) ದಾಟಿ ದೇರಾದ ಮಸಾಲೆ ಪೇಟೆ ಸುತ್ತಿ. ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಜುಲೈ ಬಿಸಿಲಿನಲ್ಲಿ ಮಾಲ್ ಸೇರಿದವರನ್ನು ನಾನಂತೂ ದೂರುವುದಿಲ್ಲ.