ಎಲ್ಲಾ ಇದೆ, ಖುಷಿ ಮಾತ್ರ ಇಲ್ಲ. ಏನು ಮಾಡಲಿ?

ಪ್ರಶ್ನೆ: ನನಗೆ 43 ವರ್ಷ. ಮೈಸೂರಿನಲ್ಲಿ ಅಕೌಂಟ್ಸ್ ಕೆಲಸ. ತುಂಬಾ ವರ್ಷ ವಠಾರದಲ್ಲಿ ಬಾಡಿಗೆಗಿದ್ದೆವು. ಹೋದ ವರ್ಷ ಊರಾಚೆಯ ಬಡಾವಣೆಯಲ್ಲಿ ಸ್ವಂತ ಮನೆ ಕಟ್ಟಿಸಿದೆವು. ಜಗುಲಿ ಬೇಕೇ ಬೇಕು ಅಂತ ಹಟ ಹಿಡಿದು ಮಾಡಿಸಿಕೊಂಡೆ. ಗೃಹಪ್ರವೇಶದ ಹೊಸದರಲ್ಲಿ ಬಾಗಿಲು ತೆಗೆದರೂ ಖುಷಿಯಾಗುತ್ತಿತ್ತು. ಈಗ ಏನೂ ಅನ್ನಿಸುವುದಿಲ್ಲ. ಗಂಡ, ಮಕ್ಕಳು ಒಳ್ಳೆಯವರು. ಆರೋಗ್ಯವೂ ಚೆನ್ನಾಗಿದೆ. ‘ನಿನಗೆ ಎಷ್ಟಿದ್ದರೂ ಸಾಲದು’ ಅಂತಾರೆ ಅಮ್ಮ. ನನ್ನಲ್ಲೇ ಏನಾದರೂ ದೋಷ ಇದೆಯಾ ಮೇಡಂ?

ಉತ್ತರ: ದೋಷ ಖಂಡಿತ ಇಲ್ಲ. ಅಮ್ಮನ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಎಂಥ ಹೊಸದಕ್ಕೂ ಮನಸ್ಸು ಬೇಗ ಒಗ್ಗಿಹೋಗುತ್ತದೆ. ದುಃಖದಿಂದ ನಾವು ಚೇತರಿಸಿಕೊಳ್ಳುವುದೂ ಈ ಗುಣದಿಂದಲೇ. ಆದರೆ ಅದು ಸುಖವನ್ನೂ ಸಪ್ಪೆ ಮಾಡಿಬಿಡುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞ ಫಿಲಿಪ್ ಬ್ರಿಕ್‌ಮನ್ ಮತ್ತು ಜೊತೆಗಾರರು ಇಲಿನಾಯ್ ರಾಜ್ಯದಲ್ಲಿ ಲಾಟರಿ ಗೆದ್ದ 22 ಮಂದಿಯನ್ನು ಮಾತನಾಡಿಸಿ, 1978ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಗೆಲ್ಲದವರಿಗಿಂತ ಇವರೇನೂ ಅಷ್ಟು ಹೆಚ್ಚು ಸುಖವಾಗಿರಲಿಲ್ಲ. ಗೆಳೆಯರ ಜೊತೆ ಹರಟೆ, ಬೆಳಗಿನ ತಿಂಡಿಯಂಥ ಸಣ್ಣಪುಟ್ಟ ಸಂಗತಿಗಳಲ್ಲಿ ಇವರಿಗೆ ಸಿಗುತ್ತಿದ್ದ ಸಂತೋಷ ಇನ್ನೂ ಕಡಿಮೆ. ಚಿಕ್ಕ ಅಧ್ಯಯನ, ನಿಜ. ನಂತರದ ಕೆಲವು ಅಧ್ಯಯನಗಳಲ್ಲಿ ಲಾಟರಿ ಗೆದ್ದವರ ತೃಪ್ತಿ ಹೆಚ್ಚಿದ್ದೂ ಇದೆ. ಆದರೂ ಆ ತಿಂಡಿಯ ವಿಷಯ ಮರೆಯುವಂಥದ್ದಲ್ಲ.

ಈಗ ಹೇಳಿ, ಅಷ್ಟು ಹಟ ಮಾಡಿ ಕಟ್ಟಿಸಿದ ಜಗುಲಿಯಲ್ಲಿ ಕೊನೆಯ ಸಲ ಕೂತಿದ್ದು ಯಾವಾಗ? ಬಹುಪಾಲು ಮನೆಗಳಲ್ಲಿ ಆ ಜಾಗ ಚಪ್ಪಲಿ ಸ್ಟ್ಯಾಂಡಿಗೆ, ಬಟ್ಟೆ ಒಣಗಿಸಲು ಹೋಗಿರುತ್ತದೆ. ನಿಮ್ಮಲ್ಲೂ ಹಾಗಾಗಿದ್ದರೆ ಮೊದಲು ಖಾಲಿ ಮಾಡಿ. ಒಂದು ಸಂಜೆ ಕಾಫಿ ಅಲ್ಲೇ ಕುಡಿಯಿರಿ. ಮೊಬೈಲ್ ಒಳಗಿರಲಿ. ಲೋಟದ ಬಿಸಿ, ಡಿಕಾಕ್ಷನ್ನಿನ ಕಹಿ, ಎದುರುಮನೆಯವರು ಗಿಡಕ್ಕೆ ನೀರು ಬಿಡುವ ಸದ್ದು, ಅಷ್ಟನ್ನು ಗಮನಿಸಿದರೆ ಸಾಕು. ಮನಸ್ಸು ನಾಳೆಯ ಜಿಎಸ್‌ಟಿ ರಿಟರ್ನ್ ಕಡೆಗೆ ಓಡುತ್ತದೆ. ಬೈದುಕೊಳ್ಳದೆ ವಾಪಸ್ ಕರೆತನ್ನಿ. 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮನಶ್ಶಾಸ್ತ್ರಜ್ಞರಾದ ಕಿಲ್ಲಿಂಗ್ಸ್‌ವರ್ತ್ ಮತ್ತು ಗಿಲ್ಬರ್ಟ್ 2,250 ಜನರನ್ನು ಆಗಾಗ ಫೋನ್ ಮೂಲಕ ವಿಚಾರಿಸಿದಾಗ, ಹೆಚ್ಚುಕಡಿಮೆ ಅರ್ಧ ಸಲ ಅವರ ಮನಸ್ಸು ಮಾಡುತ್ತಿದ್ದ ಕೆಲಸದ ಮೇಲೆ ಇರಲೇ ಇಲ್ಲ. ಹಾಗೆ ಅಲೆಯುತ್ತಿದ್ದಾಗ ಅವರ ಖುಷಿಯೂ ಕಡಿಮೆಯೇ.

ಇದನ್ನು ದಿನಾ ಮಾಡಲೇಬೇಕು ಅಂತ ನಿಯಮ ಹಾಕಿಕೊಳ್ಳಬೇಡಿ. ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಅವರ ಒಂದು ಪ್ರಯೋಗದಲ್ಲಿ, ಬದುಕಿನಲ್ಲಿ ಸಿಕ್ಕ ಒಳ್ಳೆಯದನ್ನು ವಾರಕ್ಕೊಮ್ಮೆ ನೆನೆದು ಬರೆದವರಿಗೆ ಉಪಯೋಗವಾಯಿತು. ವಾರಕ್ಕೆ ಮೂರು ಸಲ ಬರೆದವರಿಗೆ ಆಗಲಿಲ್ಲ. ಅದೂ ಹೋಂವರ್ಕ್ ಆಗಿಬಿಟ್ಟರೆ ಏನು ಪ್ರಯೋಜನ, ಅಲ್ವಾ?

ಆದರೆ ನನ್ನನ್ನು ಜಾಸ್ತಿ ಕಾಡಿದ್ದು ಬೇರೆ ವಿಷಯ. ನಿಮ್ಮ ಪತ್ರದಲ್ಲಿ ಗೆಳತಿ, ಅಕ್ಕಪಕ್ಕದವರು ಯಾರೂ ಇಲ್ಲ. ವಠಾರದಲ್ಲಿ ನೀವು ಕರೆಯದಿದ್ದರೂ ಜನ ಬರುತ್ತಿದ್ದರು. ನಲ್ಲಿ ಹತ್ತಿರ ನಾಲ್ಕು ಮಾತು, ಕರಿಬೇವು ಕೇಳುವ ನೆಪ, ಹಬ್ಬದ ಒಬ್ಬಟ್ಟು. ಸ್ವಂತ ಮನೆಗೆ ಬಂದಾಗ ಅದು ಹಿಂದೆಯೇ ಉಳಿದಿರಬೇಕು. ಮನೆಯ ಮೇಲಿನ ಖುಷಿ ಮಾಸಿದ್ದು ಸಹಜ. ಈ ನಷ್ಟ ಅದಕ್ಕಿಂತ ದೊಡ್ಡದು ಅಂತ ನನ್ನ ಅನಿಸಿಕೆ. ಒಂದಷ್ಟು ಜನರ ಇಡೀ ಬದುಕನ್ನೇ ಗಮನಿಸುತ್ತಾ 1938ರಿಂದ ನಡೆಯುತ್ತಿರುವ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಯನದಲ್ಲೂ, ಹತ್ತಿರದವರ ಜೊತೆ ಬಾಂಧವ್ಯ ಚೆನ್ನಾಗಿದ್ದವರೇ ಮುಪ್ಪಿನಲ್ಲಿ ಹೆಚ್ಚು ಆರೋಗ್ಯವಾಗಿ, ನೆಮ್ಮದಿಯಾಗಿ ಇದ್ದದ್ದು ಕಂಡಿದೆ. ಈ ಭಾನುವಾರವೇ ವಠಾರದ ಒಬ್ಬರಿಗೆ ಫೋನ್ ಮಾಡಿ ಮನೆಗೆ ಕರೆಯಿರಿ. ಅಡುಗೆ ಜೋರಾಗಿ ಆಗಬೇಕು ಅಂತೇನಿಲ್ಲ, ಮಂಡಕ್ಕಿ ಒಗ್ಗರಣೆ ಸಾಕು. ಹೊಸ ಬಡಾವಣೆಯಲ್ಲೂ ನೀವೇ ಮೊದಲು ಹೋಗಿ ಮಾತನಾಡಿಸಿ. ಸಂಕೋಚ ಅವರಿಗೂ ಇರುತ್ತದೆ.

ಒಂದು ಎಚ್ಚರಿಕೆ. ಬೇಸರ ಎರಡು ವಾರಕ್ಕಿಂತ ಹೆಚ್ಚು ದಿನ ಬಿಡದೆ ಕಾಡಿದರೆ, ನಿದ್ದೆ ಹಸಿವು ಕೆಟ್ಟರೆ, ಇಷ್ಟದ ಕೆಲಸವೂ ಬೇಡವಾದರೆ, ಅದು ಖಿನ್ನತೆ ಇರಬಹುದು. ಆಗ ವೈದ್ಯರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ. ಕನ್ನಡದಲ್ಲೇ ಮಾತನಾಡಬಹುದು.